ಕೊರೆದ ತೂತು ಹೇಳುವುದೆಷ್ಟು?

ಮಾಗಡಿ ತಾಲ್ಲೂಕಿನ ನಮ್ಮ ಜಮೀನಿನಲ್ಲಿ ಮೂರನೆಯ ಬೋರ್‌ವೆಲ್ ಕೊರೆಸಿದ ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತಿರುಚೆಂಗೋಡಿನ ಲಾರಿ ಬಂದಿತ್ತು. ಸಂಜೆ ಪೂಜೆ ಮಾಡಿ, ತೆಂಗಿನಕಾಯಿ ಒಡೆದು ಶುರುವಿಟ್ಟ ಕೆಲಸ ಬೆಳಗಿನ ಜಾವಕ್ಕೆ 780 ಅಡಿ ಮುಟ್ಟಿತ್ತು. ಕಂಪ್ರೆಸರ್ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಅಪ್ಪ ಮಾತ್ರ ಒಂದೊಂದು ರಾಡು ಇಳಿದಾಗಲೂ ಹೊರಗೆ ಹಾರಿ ಬರುತ್ತಿದ್ದ ಪುಡಿಯನ್ನು ಒಂದು ಹಿಡಿ ಬಾಚಿ, ಗೋಣಿತಾಟಿನ ಮೇಲೆ ಸಾಲಾಗಿ ಗುಡ್ಡೆ ಹಾಕುತ್ತ ಹೋದರು. ಒಂದು ರಾಡು ಅಂದರೆ 20 ಅಡಿ. ಹಾಗೆ 39 ಗುಡ್ಡೆಗಳು. ಮೊದಲ ಮೂರು ಕೆಮ್ಮಣ್ಣು, ಜೊಳ್ಳುಕಲ್ಲು. ಆಮೇಲೆಲ್ಲ ಬೂದುಬಣ್ಣ, ಅಲ್ಲಲ್ಲಿ ನಸುಗೆಂಪು. 620 ಅಡಿಯ ಹತ್ತಿರದ ಗುಡ್ಡೆ ಒದ್ದೆಯಾಗಿತ್ತು, ಅದರಲ್ಲಿ ಅಕ್ಕಿನುಚ್ಚಿಗಿಂತ ದಪ್ಪ ಚೂರುಗಳಿದ್ದವು. ‘ಗ್ಯಾಪ್ ಸಿಕ್ತು’ ಎಂದರು ಲಾರಿಯವರು.

ಬೆಳಕು ಹರಿದ ಮೇಲೆ ರಾಡುಗಳನ್ನೆಲ್ಲ ಮೇಲೆತ್ತಿ, ತುದಿಯ ಬಿಟ್ ಬಿಚ್ಚಿ ನೆಲಕ್ಕಿಟ್ಟರು. ಅಂಗೈಗಿಂತ ತುಸು ಅಗಲದ ಉಕ್ಕಿನ ಮುಖ, ಅದರ ತುಂಬ ಬೆರಳ ತುದಿಯಷ್ಟು ದಪ್ಪದ ಗುಂಡನೆಯ ಬಟನ್‌ಗಳು. ಉಕ್ಕಿನ ಅಂಚು ಸವೆದು ಬೋಳಾಗಿತ್ತು. ಬಟನ್‌ಗಳು ಮಾತ್ರ, ನೆತ್ತಿ ಸ್ವಲ್ಪ ಚಪ್ಪಟೆಯಾಗಿದ್ದು ಬಿಟ್ಟರೆ, ಹಾಗೆಯೇ ಇದ್ದವು. ಕೈಯಿಟ್ಟರೆ ಇನ್ನೂ ಬಿಸಿ. ‘ಇದು ಟಂಗ್‌ಸ್ಟನ್ ಕಾರ್ಬೈಡ್ ಸಾರ್. ಇದಿಲ್ಲಾಂದ್ರೆ ನಿಮ್ಮೂರ ಕಲ್ಲು ದಾರಿ ಬಿಡಲ್ಲ’ ಎಂದ ಡ್ರಿಲ್ಲರ್ ತಮಿಳು ಬೆರೆತ ಕನ್ನಡದಲ್ಲಿ. ಟಂಗ್‌ಸ್ಟನ್ ಅಂದರೆ ಬಲ್ಬಿನೊಳಗಿನ ತಂತಿ ಎಂದು ಶಾಲೆಯಲ್ಲಿ ಓದಿದ್ದ ನನಗೆ, ನಮ್ಮ ಕುಡಿಯುವ ನೀರಿಗೂ ಅದೇ ದಾರಿ ಮಾಡಿಕೊಟ್ಟಿದೆ ಎಂದು ತಿಳಿದದ್ದು ಆವತ್ತು.

ಈ ಹಳೆಯ ಕಥೆ ನೆನಪಾದದ್ದು ಈಚೆಗೆ ಓದುಗರು ಮತ್ತೆ ಮತ್ತೆ ಕೇಳುತ್ತಿರುವ ಒಂದು ಪ್ರಶ್ನೆಯಿಂದ. ಚನ್ನಪಟ್ಟಣದ ಕಡೆಯ ಮಾವಿನ ಬೆಳೆಗಾರರೊಬ್ಬರು ಫೋನ್ ಮಾಡಿದ್ದರು: ‘ಸಾರ್, ಯಾರೋ ಬಂದು ನಮ್ ಹಳ್ಳದಾಗೆ ಮಣ್ಣು ಜರಡಿ ಹಿಡಿದು ಚೀಲಕ್ ತುಂಬ್ಕೊಂಡು ಹೋದ್ರು. ಅದೇನೋ ಟಂಗ್‌ಸ್ಟನ್ ಐತಂತೆ, ಲೀಥಿಯಂ ಐತಂತೆ ಅಂತಾರೆ. ಜಮೀನು ಹೋಯ್ತದಾ?’ ಕನಕಪುರದಿಂದ, ರಾಮನಗರದಿಂದ ಬಂದ ಪತ್ರಗಳಲ್ಲೂ ಹೆಚ್ಚುಕಡಿಮೆ ಇದೇ ಮಾತು. ಪತ್ರಿಕೆಯಲ್ಲಿ ‘ಕೊರೆತದಲ್ಲಿ ಅಪರೂಪದ ಖನಿಜ ಪತ್ತೆ’ ಎಂಬ ತಲೆಬರಹ ಬಂದರೆ ಅದನ್ನು ಹೇಗೆ ಓದಬೇಕು, ಎಷ್ಟು ನಂಬಬೇಕು, ಎಷ್ಟು ಹೆದರಬೇಕು?

ಹಳ್ಳದ ಮಣ್ಣಿನ ಮಾತು ಮೊದಲು ಮುಗಿಸುತ್ತೇನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಎಷ್ಟೋ ವರ್ಷಗಳಿಂದ ದೇಶದ ನೆಲವನ್ನು ಒಂದೊಂದು ಚದರ ಕಿಲೋಮೀಟರಿನ ಚೌಕಗಳಾಗಿ ಹಂಚಿಕೊಂಡು ಹಳ್ಳಕೊಳ್ಳದ ಮಣ್ಣು ಒಟ್ಟುಮಾಡಿ ಪರೀಕ್ಷಿಸುತ್ತಿದೆ. ಯಾವ ಮೂಲವಸ್ತು ಎಲ್ಲಿ ಎಷ್ಟಿದೆ ಎಂಬ ನಕ್ಷೆ ತಯಾರಿಸುವ ಕೆಲಸ ಅದು. ನಮ್ಮ ಹಳ್ಳದಲ್ಲಿ ಮಣ್ಣು ತೆಗೆದರೆಂದರೆ ಅಲ್ಲಿ ಏನೋ ಸಿಕ್ಕಿತೆಂದಲ್ಲ. ಬೋರಿನ ಪಾಯಿಂಟ್ ನೋಡುವವರು ಹೊಲದಲ್ಲಿ ಒಂದು ಸುತ್ತು ಹಾಕಿದರೆ ನೀರು ಬಂದ ಹಾಗಾಯಿತೇ?

ಟಂಗ್‌ಸ್ಟನ್ ಬೇಕಾಗಿರುವುದಂತೂ ನಿಜ. ಕರಗಲು 3,422 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾದ ಲೋಹ. ಲೋಹಗಳಲ್ಲಿ ಇದಕ್ಕಿಂತ ಹೆಚ್ಚಿನ ಕಾವು ತಡೆಯುವುದು ಬೇರೊಂದಿಲ್ಲ. ತೂಕದಲ್ಲಿ ಹೆಚ್ಚುಕಡಿಮೆ ಚಿನ್ನಕ್ಕೆ ಸಮ. ಸ್ವೀಡನ್ನಿನ ಭಾಷೆಯಲ್ಲಿ ಹೆಸರಿನ ಅರ್ಥವೇ ಭಾರದ ಕಲ್ಲು. ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆದಾಗ ಕಲ್ಲು ಕೊರೆಯುವ, ಉಕ್ಕು ಕತ್ತರಿಸುವ ಗಟ್ಟಿತನ ಬರುತ್ತದೆ. ಕ್ವಾರಿಯ ಜಾಕ್‌ಹ್ಯಾಮರ್ ರಾಡಿನ ತುದಿಯಲ್ಲಿ, ಶಿಲ್ಪಿಯ ಹೊಸ ಕಾಲದ ಉಳಿಯಲ್ಲಿ, ಲೇತ್ ಮಿಷನ್ನಿನ ಕತ್ತಿಯಲ್ಲಿ, ಫಿರಂಗಿಯ ಗುಂಡಿನಲ್ಲಿ, ಎಲ್ಲೆಡೆ ಅದೇ. ಜಗತ್ತಿನ ಟಂಗ್‌ಸ್ಟನ್‌ನಲ್ಲಿ ನೂರಕ್ಕೆ 80ರಷ್ಟನ್ನು ಚೀನಾ ಒಂದೇ ತೆಗೆಯುತ್ತದೆ. 2025ರ ಫೆಬ್ರವರಿಯಲ್ಲಿ ಅದು ರಫ್ತಿಗೆ ಕಡಿವಾಣ ಹಾಕಿದಾಗ ಹಲವು ದೇಶಗಳು ತಮ್ಮ ತಮ್ಮ ನೆಲ ತಡಕತೊಡಗಿದವು. ರಾಜಸ್ಥಾನದ ಡೇಗಾನಾದಲ್ಲಿ ಮೊದಲ ಮಹಾಯುದ್ಧದ ಕಾಲದಿಂದ ಇದ್ದ ನಮ್ಮ ಗಣಿ 1990ರ ದಶಕದಲ್ಲಿ ಮುಚ್ಚಿತು. ಅಂದಿನಿಂದ ನಮಗೆ ಆಮದೇ ಗತಿ. 2023ರಲ್ಲಿ ಕೇಂದ್ರ ಸರ್ಕಾರ ಪಟ್ಟಿ ಮಾಡಿದ 30 ನಿರ್ಣಾಯಕ ಖನಿಜಗಳಲ್ಲಿ ಟಂಗ್‌ಸ್ಟನ್ ಕೂಡ ಇದೆ. ಅದೇ ವರ್ಷ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ, ಇಂಥ ಖನಿಜಗಳ ಹರಾಜು ರಾಜ್ಯಗಳ ಕೈಯಿಂದ ಕೇಂದ್ರದ ಕೈಗೆ ಹೋಯಿತು.

ಈಗ ಕೊರೆತದ ವಿಷಯ. ನೀರಿನ ಬೋರಿಗೂ ಖನಿಜದ ಬೋರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ಬೋರಿನಲ್ಲಿ ಕಲ್ಲು ಪುಡಿಯಾಗಿ ಹೊರಬರುತ್ತದೆ. ಯಾವ ಆಳದ ಪುಡಿ ಯಾವುದರ ಜೊತೆ ಬೆರೆಯಿತು ಎಂದು ಹೇಳುವುದು ಕಷ್ಟ. ಖನಿಜ ಹುಡುಕುವವರಿಗೆ ಇದು ಸಾಲದು. ಅವರ ಬಿಟ್ಟಿನ ಬಾಯಿ ಬಳೆಯ ಹಾಗೆ ಟೊಳ್ಳು, ಅಂಚಿಗೆ ಕೈಗಾರಿಕಾ ವಜ್ರದ ಹರಳುಗಳನ್ನು ಕೂರಿಸಿರುತ್ತಾರೆ. ಅದು ತಿರುಗುತ್ತ ಇಳಿದಂತೆ ನಡುವಿನ ಕಲ್ಲು ಕಬ್ಬಿನ ಜಲ್ಲೆಯ ಹಾಗೆ ಅಖಂಡವಾಗಿ ಒಳಗೆ ಉಳಿಯುತ್ತದೆ. ಇದೇ ಕೋರ್. ಸಾಮಾನ್ಯವಾಗಿ ಬಳಸುವ ಒಂದು ಅಳತೆಯಲ್ಲಿ ಅದರ ದಪ್ಪ 47 ಮಿಲಿಮೀಟರ್ ಚಿಲ್ಲರೆ. ಹೊರತೆಗೆದ ಜಲ್ಲೆಗಳನ್ನು ಆಳದ ಗುರುತು ಹಾಕಿ ಉದ್ದನೆಯ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸುತ್ತಾರೆ. ಆಮೇಲೆ ಗರಗಸದಿಂದ ಉದ್ದಕ್ಕೆ ಸೀಳಿ ಅರ್ಧ ಭಾಗ ಪ್ರಯೋಗಾಲಯಕ್ಕೆ, ಅರ್ಧ ಭಾಗ ಪೆಟ್ಟಿಗೆಯಲ್ಲೇ. ನಾಳೆ ಯಾರಾದರೂ ಅನುಮಾನಪಟ್ಟರೆ ತೋರಿಸಲು ಸಾಕ್ಷಿ ಉಳಿದಿರಬೇಕಲ್ಲ.

ಟಂಗ್‌ಸ್ಟನ್ ಹುಡುಕುವವರಿಗೆ ಇನ್ನೊಂದು ಅನುಕೂಲವಿದೆ, ನೋಡಲು ಬಹಳ ಚೆಂದ. ಟಂಗ್‌ಸ್ಟನ್‌ನ ಮುಖ್ಯ ಅದಿರುಗಳು ಎರಡು. ಒಂದು ಕಪ್ಪನೆಯ ವುಲ್ಫ್ರಮೈಟ್, ಇನ್ನೊಂದು ಶೀಲೈಟ್. ಶೀಲೈಟ್ ಹಗಲಲ್ಲಿ ಬಿಳಿ ಬೆಣಚುಕಲ್ಲಿನ ನಡುವೆ ಸಪ್ಪೆಯಾಗಿ ಅಡಗಿ ಕೂತಿರುತ್ತದೆ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಅದೇ ಕಲ್ಲು ಬೆಳ್ಳಗೆ, ನೀಲಿ ಕಲೆತು ಹೊಳೆಯುತ್ತದೆ. ಕಣ್ಣಿಗೆ ಬೀಳದಿದ್ದ ಚುಕ್ಕೆಗಳು ಅಮಾವಾಸ್ಯೆಯ ನಕ್ಷತ್ರಗಳಂತೆ ಎದ್ದು ಬರುತ್ತವೆ. ಆದರೆ ಹೊಳಪು ಕಂಡ ಮಾತ್ರಕ್ಕೆ ಗಣಿ ಸಿಕ್ಕಂತಲ್ಲ. ಎಷ್ಟು ಹೊಳೆಯಿತು ಎಂಬುದನ್ನು ಪ್ರಯೋಗಾಲಯ ಅಂಕಿಯಲ್ಲಿ ಹೇಳಬೇಕು.

ಅಂಕಿ ಬಂದ ಮೇಲೇ ಎಚ್ಚರ ಬೇಕಾಗುವುದು. ‘10 ಮೀಟರ್ ಉದ್ದಕ್ಕೆ ಶೇ 0.5 ಟಂಗ್‌ಸ್ಟನ್ ಆಕ್ಸೈಡ್’ ಎಂದು ಒಂದು ಫಲಿತಾಂಶ ಬಂತೆನ್ನಿ. ಕೇಳಲು ಭರ್ಜರಿ. ಆ ಹತ್ತರಲ್ಲಿ ಒಂದೇ ಒಂದು ಮೀಟರಿನಲ್ಲಿ ಶೇ 4.5 ಇದ್ದು, ಉಳಿದ ಒಂಬತ್ತರಲ್ಲಿ ಶೇ 0.05 ಇದ್ದರೂ ಸರಾಸರಿ ಅಲ್ಲಿಗೇ ಬಂದು ನಿಲ್ಲುತ್ತದೆ. ಶೀಲೈಟ್ ಹೀಗೆ ಗಂಟುಗಂಟಾಗಿ ಕೂರುವ ಸ್ವಭಾವದ್ದು, ಉಪ್ಪಿಟ್ಟಿನಲ್ಲಿ ಗೋಡಂಬಿ ಒಂದೇ ಕಡೆ ಸಿಕ್ಕ ಹಾಗೆ. ಇನ್ನು ಉದ್ದದ ವಿಷಯ. ಸೌತೆಕಾಯಿಯನ್ನು ನೇರವಾಗಿ ಹೆಚ್ಚಿದರೆ ಬಿಲ್ಲೆ ಗುಂಡಗೆ ಚಿಕ್ಕದಾಗಿರುತ್ತದೆ, ಓರೆಯಾಗಿ ಹೆಚ್ಚಿದರೆ ಉದ್ದ ಕಾಣುತ್ತದೆ, ಕಾಯಿ ಅದೇ. ನೆಲದೊಳಗೆ ಬಹುತೇಕ ನೆಟ್ಟಗೆ ನಿಂತಿರುವ ಅದಿರಿನ ಪಟ್ಟೆಯನ್ನು ಅದರ ಗುಂಟವೇ ಕೊರೆಯುತ್ತ ಹೋದರೆ, ಎರಡು ಮೀಟರ್ ದಪ್ಪದ ಪಟ್ಟೆ ಕೋರಿನಲ್ಲಿ ಹತ್ತು ಮೀಟರ್ ಆಗಿ ಕಾಣುತ್ತದೆ. ಅದಕ್ಕೇ ಕೊರೆಯುವವರು ತೂತನ್ನು ಓರೆ ಮಾಡಿ ಪಟ್ಟೆಗೆ ಅಡ್ಡವಾಗಿ ಹಾಯಿಸಲು ನೋಡುತ್ತಾರೆ. ನಿಜವಾದ ದಪ್ಪ ಎಷ್ಟು ಎಂದು ಹೇಳದ ವರದಿಯನ್ನು ಅರ್ಧ ವರದಿ ಎಂದೇ ನಾನು ಓದುತ್ತೇನೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಎರಡು ತೂತುಗಳ ನಡುವಿನದು. ಒಂದು ಹೆಕ್ಟೇರಿಗೆ ಒಂದು ತೂತು ಕೊರೆದರು ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. 47 ಮಿಲಿಮೀಟರಿನ ಆ ಜಲ್ಲೆ ಅಷ್ಟು ನೆಲದ ಸುಮಾರು 56 ಲಕ್ಷದಲ್ಲಿ ಒಂದು ಪಾಲು. ಮಿಕ್ಕದ್ದೆಲ್ಲ ಊಹೆ. ಭೂವಿಜ್ಞಾನಿ ಕಾಗದದ ಮೇಲೆ ಒಂದು ತೂತಿನ ಅದಿರಿಗೂ ಇನ್ನೊಂದು ತೂತಿನ ಅದಿರಿಗೂ ಗೆರೆ ಎಳೆದು ಜೋಡಿಸುತ್ತಾನೆ, ಅನುಮಾನ ಇದ್ದ ಕಡೆ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ಬಿಡುತ್ತಾನೆ. ತೂತುಗಳು ಹತ್ತಿರ ಹತ್ತಿರ ಬಂದಷ್ಟೂ ಊಹೆ ಕರಗುತ್ತದೆ. ನಮ್ಮ ದೇಶದ ಲೆಕ್ಕದಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲು: ಜಿ-4 ಬರೀ ಸುಳಿವು, ಜಿ-3 ಸ್ಥೂಲ ಅಂದಾಜು, ಜಿ-2 ಸಾಕಷ್ಟು ಕೊರೆದು ಕಂಡದ್ದು, ಜಿ-1 ವಿವರವಾಗಿ ಅಳೆದದ್ದು. ಪತ್ರಿಕೆಯ ತಲೆಬರಹಗಳು ಹೆಚ್ಚಾಗಿ ಮೊದಲ ಎರಡು ಮೆಟ್ಟಿಲಲ್ಲೇ ಹುಟ್ಟುತ್ತವೆ.

ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ, ಪಕ್ಕದ ಮಂಡ್ಯ ಜಿಲ್ಲೆಯಲ್ಲೇ ಇದೆ. 2020ರಲ್ಲಿ ಮಾರ್ಲಗಲ್ಲ–ಅಲ್ಲಾಪಟ್ನ ಸೀಮೆಯಲ್ಲಿ 14,100 ಟನ್ ಲೀಥಿಯಂ ಇರಬಹುದೆಂಬ ಅಂದಾಜು ಹೊರಬಿತ್ತು. ದೇಶದ ಪತ್ರಿಕೆಗಳಲ್ಲಿ ಅದು ಸುದ್ದಿಯಾಯಿತು. ಅದು ಮೇಲ್ನೋಟದ ಅಳತೆಗಳ ಮೇಲೆ ಹಾಕಿದ ಲೆಕ್ಕ. ಮರುವರ್ಷ ಫೆಬ್ರವರಿಯಲ್ಲಿ, ಪರಮಾಣು ಖನಿಜ ನಿರ್ದೇಶನಾಲಯ ನೆಲದ ಮೇಲೂ ಒಂದಿಷ್ಟು ನೆಲದೊಳಗೂ ನಡೆಸಿದ ಶೋಧದ ಫಲವಾಗಿ ಸಂಸತ್ತಿಗೆ ಬಂದ ಅಂಕಿ 1,600 ಟನ್. ಅದೂ ಊಹಾತ್ಮಕ ವರ್ಗದ್ದು. ಮೊದಲು ಹೇಳಿದವರು ಸುಳ್ಳು ಹೇಳಿದರೆಂದು ಇದರರ್ಥವಲ್ಲ. ತಾವು ಹಿಡಿದುಕೊಂಡ ಅಳತೆಗೆ ತಕ್ಕ ಲೆಕ್ಕವನ್ನೇ ಅವರು ಕೊಟ್ಟಿದ್ದರು. ಆದರೆ 14,100 ನೆನಪಿಟ್ಟುಕೊಂಡಷ್ಟು ಜನ 1,600 ನೆನಪಿಟ್ಟುಕೊಂಡಿಲ್ಲ. ಜಮ್ಮುವಿನ ರಿಯಾಸಿಯಲ್ಲಿ 2023ರಲ್ಲಿ 59 ಲಕ್ಷ ಟನ್ ಲೀಥಿಯಂ ಅದಿರು ಎಂದು ಘೋಷಣೆಯಾಯಿತು. ಅದು ಹರಾಜಿಗೆ ಬಂದಾಗ ಕೂಗುವವರೇ ಸಾಕಷ್ಟು ಸಿಗಲಿಲ್ಲ.

ಹಾಗಾದರೆ ನಮ್ಮ ಕಡೆ ಟಂಗ್‌ಸ್ಟನ್ ಇದೆಯೇ? ರಾಮನಗರದ ಬಂಡೆಗೆ ಜಗತ್ತಿನ ಭೂವಿಜ್ಞಾನದಲ್ಲಿ ದೊಡ್ಡ ಹೆಸರು. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಈ ಊರು ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಆಗಿತ್ತಲ್ಲ, ಅದೇ ಹೆಸರು ಕಲ್ಲಿಗೂ ಅಂಟಿ ‘ಕ್ಲೋಸ್‌ಪೇಟ್ ಗ್ರಾನೈಟ್’ ಆಯಿತು. ಊರಿನ ಹೆಸರು ಬದಲಾಗಿ, ಈಗ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣ ಎಂದಾಗಿದೆ; ಕಲ್ಲು ಹಳೆಯ ಹೆಸರನ್ನೇ ಹೊತ್ತು ನಿಂತಿದೆ. ಸುಮಾರು 250 ಕೋಟಿ ವರ್ಷ ಹಳೆಯದು, ಉತ್ತರ–ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದ. ರಾಮದೇವರಬೆಟ್ಟ, ಸಾವನದುರ್ಗ ಎಲ್ಲ ಅದರ ಮೈಯೇ. ಟಂಗ್‌ಸ್ಟನ್ನಿಗೂ ಗ್ರಾನೈಟಿಗೂ ನಂಟಿರುವುದರಿಂದ ‘ಇಷ್ಟು ಗ್ರಾನೈಟ್ ಇರುವಲ್ಲಿ ಅದು ಇರಲೇಬೇಕಲ್ಲ’ ಎಂದು ಒಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ.

ಆಲೆಮನೆ ನೋಡಿದವರಿಗೆ ಇದರ ಉತ್ತರ ಬೇಗ ಹೊಳೆಯುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮಡ್ಡಿ ಮೇಲಕ್ಕೆ ಬಂದು ಸೇರುತ್ತದೆ. ನೆಲದಾಳದಲ್ಲಿ ಗ್ರಾನೈಟಿನ ಪಾಕ ಆರಿ ಹರಳುಗಟ್ಟುವಾಗಲೂ, ಯಾವ ಹರಳಿನಲ್ಲೂ ಜಾಗ ಸಿಗದ ಟಂಗ್‌ಸ್ಟನ್, ತವರ, ಲೀಥಿಯಂ ಮುಂತಾದವು ಕೊನೆಯಲ್ಲಿ ಉಳಿದ ಬಿಸಿನೀರಿನ ಜೊತೆ ಮೇಲಕ್ಕೆ ಹೋಗುತ್ತವೆ. ಮೇಲಿನ ಬಿರುಕುಗಳಲ್ಲಿ, ನೆಲಮಟ್ಟದಿಂದ ಕೆಲವೇ ಕಿಲೋಮೀಟರ್ ಕೆಳಗೆ, ತಣ್ಣಗಾಗಿ ಕೂರುತ್ತವೆ. ನಾವು ಇಂದು ಕಾಣುವ ರಾಮನಗರ, ಕನಕಪುರದ ಕಲ್ಲು ಅಷ್ಟು ಮೇಲಿನದಲ್ಲ. ಕನಕಪುರ ತಾಲ್ಲೂಕಿನ ಕಬ್ಬಾಳುದುರ್ಗದ ಬಳಿ, ಬೂದುಬಣ್ಣದ ನೈಸ್ ಕಲ್ಲು ಅಲ್ಲಲ್ಲೇ ಹಸಿರುಗಪ್ಪು ಚಾರ್ನೊಕೈಟ್ ಆಗಿ ಮಾರ್ಪಟ್ಟಿರುವುದನ್ನು ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಂಥ ಮಾರ್ಪಾಡು ನಡೆಯುವುದು ಹದಿನೈದು ಇಪ್ಪತ್ತು ಕಿಲೋಮೀಟರ್ ಆಳದ ಬೇಗೆಯಲ್ಲಿ. ಅಂದರೆ ಮೇಲಿದ್ದ ಅಷ್ಟೂ ಕಲ್ಲು ಮಳೆಗಾಳಿಗೆ ಸವೆದು ಕೊಚ್ಚಿಹೋಗಿ, ತಳದ್ದು ಬಿಸಿಲಿಗೆ ಬಂದಿದೆ. ನಾವು ನಿಂತಿರುವುದು ಕೊಪ್ಪರಿಗೆಯ ತಳದ ಹತ್ತಿರ, ಮಡ್ಡಿ ಎಂದೋ ಸಮುದ್ರ ಸೇರಿದೆ. ಎಲ್ಲೋ ಒಂದೆರಡು ಕಡೆ ಸಣ್ಣ ಸುಳಿವು ಸಿಗಲಾರದೆಂದು ನಾನು ಹೇಳಲಾರೆ. ದೊಡ್ಡ ಗಣಿಯ ಕನಸಾಗಲಿ ಭಯವಾಗಲಿ ಈ ಬಂಡೆಗಳ ಮೇಲೆ ಕಟ್ಟುವುದಕ್ಕೆ ಮಾತ್ರ ಕಾರಣ ಕಾಣುವುದಿಲ್ಲ.

ಕರ್ನಾಟಕದ ಟಂಗ್‌ಸ್ಟನ್ ಇರುವುದು ಬೇರೆ ಕಡೆ, ಬೇರೆ ಬಗೆಯ ಕಲ್ಲಿನಲ್ಲಿ. ಭಾರತೀಯ ಗಣಿ ಬ್ಯೂರೋದ 2015ರ ಲೆಕ್ಕದಂತೆ ದೇಶದಲ್ಲಿ 8.7 ಕೋಟಿ ಟನ್ ಟಂಗ್‌ಸ್ಟನ್ ಅದಿರು ಇದೆ, ಅದರಲ್ಲಿ ಶೇ 42 ನಮ್ಮ ರಾಜ್ಯದ್ದು. ಕೋಲಾರದ ಚಿನ್ನದ ಗಣಿಯಲ್ಲಿ ಚಿನ್ನದ ಒಡನಾಡಿಯಾಗಿ ಶೀಲೈಟ್ ಇತ್ತು. ದೇಶದ ಆ 8.7 ಕೋಟಿ ಟನ್ ಅದಿರಿನಲ್ಲಿರುವ ಟಂಗ್‌ಸ್ಟನ್ ಆಕ್ಸೈಡ್ ಒಟ್ಟು 1.42 ಲಕ್ಷ ಟನ್. ಭಾಗಿಸಿ ನೋಡಿದರೆ ಒಂದು ಟನ್ ಕಲ್ಲಿಗೆ ಸುಮಾರು 1.6 ಕಿಲೋ. ಇಪ್ಪತ್ತು ಮೂಟೆ ಸಿಮೆಂಟಿನಷ್ಟು ಕಲ್ಲು ಒಡೆದು, ನುಣ್ಣಗೆ ಪುಡಿಮಾಡಿ, ತೊಳೆದು, ಒಂದೂವರೆ ಕಿಲೋಗೆ ಕೈಯೊಡ್ಡಬೇಕು. ಇದೆಲ್ಲವೂ ‘ಸಂಪನ್ಮೂಲ’ ಎಂಬ ಲೆಕ್ಕದಲ್ಲಿದೆ. ತೆಗೆದರೆ ಲಾಭ ಎಂದು ಖಚಿತವಾದ ‘ನಿಕ್ಷೇಪ’ ಎಂಬ ಲೆಕ್ಕದಲ್ಲಿ ಒಂದು ಟನ್ನೂ ಇಲ್ಲ. ಆ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬರೆಯುವ ಸುದ್ದಿಗಳಿಂದ ಆಗುವ ಗೊಂದಲ ಸಣ್ಣದಲ್ಲ.

ನನಗೆ ಆಸೆ ಇರುವುದು ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮೇಲೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನೂರು ವರ್ಷಕ್ಕೂ ಮಿಕ್ಕಿ ಮೂರು ಕಿಲೋಮೀಟರ್‌ವರೆಗಿನ ಆಳದಿಂದ ಎತ್ತಿ, ಪುಡಿಮಾಡಿ, ಚಿನ್ನ ತೆಗೆದು ಬಿಸಾಕಿದ 3.3 ಕೋಟಿ ಟನ್ ಪುಡಿ 13 ದಿಬ್ಬಗಳಾಗಿ ಊರಿನ ಮಗ್ಗುಲಲ್ಲೇ ಬಿದ್ದಿದೆ. ಅವುಗಳ ಹರಾಜಿಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಎಲ್ಲರ ಕಣ್ಣು ಅಲ್ಲಿ ಉಳಿದಿರುವ ಚಿನ್ನದ ಮೇಲಿದೆ. ಅದರ ಜೊತೆ ಶೀಲೈಟ್ ಎಷ್ಟಿದೆ ಎಂದೂ ಇಂಚಿಂಚು ಕೊರೆದು ಅಳೆಯಲಿ ಎಂಬುದು ನನ್ನ ಕೋರಿಕೆ. ಕಲ್ಲು ಒಡೆಯುವ, ಅರೆಯುವ ಖರ್ಚು ಅಲ್ಲಿ ಆಗಲೇ ಮುಗಿದಿದೆ. ಹೊಸ ಬೆಟ್ಟ ಬಗೆಯಬೇಕಿಲ್ಲ. ಗಾಳಿ ಬೀಸಿದಾಗಲೆಲ್ಲ ಆ ದೂಳು ಕುಡಿದು ಬದುಕುತ್ತಿರುವ ಮನೆಗಳಿಗೆ ಮುಂದೆಯೂ ಅದನ್ನೇ ಕುಡಿಸದಂತೆ ಕೆಲಸ ನಡೆಯಬೇಕು, ಅಷ್ಟೆ. ಕೆಲಸ ಕಳೆದುಕೊಂಡ ಊರು ಅದು.

ಬೆಟ್ಟದ ಮಾತು ಸುಮ್ಮನೆ ತೆಗೆದದ್ದಲ್ಲ. ಮದುರೈ ಬಳಿಯ ಅರಿಟ್ಟಾಪಟ್ಟಿಯ ಕಥೆಯನ್ನು ನಮ್ಮ ಜಿಲ್ಲೆಯವರು ತಿಳಿದಿರಬೇಕು. ನಮ್ಮಂತೆಯೇ ಬಂಡೆಬೆಟ್ಟಗಳ ಊರು. ಜೈನ ಮುನಿಗಳ ಕಲ್ಲುಹಾಸು, ತಮಿಳು ಬ್ರಾಹ್ಮಿ ಶಾಸನ, ಪಾಂಡ್ಯರ ಕಾಲದ ಗುಹಾಲಯ, ಗಿಡುಗಗಳು. 2022ರಲ್ಲಿ ಅದು ತಮಿಳುನಾಡಿನ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಎರಡೇ ವರ್ಷಕ್ಕೆ, 2024ರ ನವೆಂಬರಿನಲ್ಲಿ, ಆ ಸೀಮೆಯನ್ನೂ ಒಳಗೊಂಡ ನಾಯಕ್ಕರ್‌ಪಟ್ಟಿ ಟಂಗ್‌ಸ್ಟನ್ ಬ್ಲಾಕ್ ಹರಾಜಾಗಿ ಹಿಂದೂಸ್ತಾನ್ ಜಿಂಕ್ ಪಾಲಾಯಿತು. ಇಂಥ ಹರಾಜಿನಲ್ಲಿ ಸಿಗುವುದು ಮೊದಲು ಶೋಧ, ಸಿಕ್ಕರೆ ಗಣಿಗಾರಿಕೆ ಎಂಬ ಜೋಡಿ ಪರವಾನಗಿ. ಅಂದರೆ ನಿಜವಾದ ಕೊರೆತ ನಡೆಯುವುದು ಹರಾಜಿನ ನಂತರ. ಹಳ್ಳಿಗಳು ಬೀದಿಗಿಳಿದವು, ವಿಧಾನಸಭೆ ವಿರೋಧಿಸಿ ನಿರ್ಣಯ ಮಾಡಿತು, 2025ರ ಜನವರಿಯಲ್ಲಿ ಕೇಂದ್ರ ಹರಾಜನ್ನೇ ರದ್ದು ಮಾಡಿತು. ರಣಹದ್ದುಗಳಿಗಾಗಿ 2012ರಲ್ಲಿ ಧಾಮವಾದ ರಾಮದೇವರಬೆಟ್ಟದ ಕೆಳಗೆ ಓಡಾಡುವಾಗೆಲ್ಲ ನನಗೆ ಅರಿಟ್ಟಾಪಟ್ಟಿ ನೆನಪಾಗುತ್ತದೆ. ಎಲ್ಲಿ ಕೊರೆಯಬಾರದು ಎಂಬ ನಕ್ಷೆ ಹರಾಜಿಗಿಂತ ಮೊದಲೇ ಮೇಜಿನ ಮೇಲಿರಬೇಕಿತ್ತು.

ಚನ್ನಪಟ್ಟಣದ ಆ ಬೆಳೆಗಾರರಿಗೆ ನಾನು ಹೇಳಿದ್ದು ಇಷ್ಟು. ನೆಲ ನಿಮ್ಮದು, ಖನಿಜದ ಹಕ್ಕು ಬೇರೆ. ಸುದ್ದಿ ಬಂದ ಮಾತ್ರಕ್ಕೆ ಜಮೀನು ಹೋಗುವುದಿಲ್ಲ, ಸುದ್ದಿ ನಂಬಿ ಅಗ್ಗಕ್ಕೆ ಮಾರಿದರೆ ಮಾತ್ರ ಖಂಡಿತ ಹೋಗುತ್ತದೆ. ಯಾರಾದರೂ ಕೊರೆಯಲು ಬಂದರೆ ಯಾವ ಮೆಟ್ಟಿಲಿನ ಶೋಧ, ಎಷ್ಟು ತೂತು, ತೂತಿನಿಂದ ತೂತಿಗೆ ಎಷ್ಟು ದೂರ ಎಂದು ಕೇಳಿ. ಕೊರೆದ ಮೇಲೆ ತೂತಿನ ಬಾಯಿ ಮುಚ್ಚಿ ಹೋಗುತ್ತಾರೋ ಇಲ್ಲವೋ ಅದನ್ನೂ ಕೇಳಿ, ಹೊಲದಲ್ಲಿ ಮಕ್ಕಳು ಓಡಾಡುತ್ತವೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ ಬೋರ್ ಕತೇನೂ ಹಿಂಗೇ ಅಲ್ವಾ ಸಾರ್, ಒಂದರಲ್ಲಿ ಬಂದ್ರೆ ಪಕ್ಕದಾಗೆ ಬರಲ್ಲ’ ಎಂದರು.

ಫೋನ್ ಇಟ್ಟ ಮೇಲೆ ಅಪ್ಪನ ಲೆಕ್ಕದ ಪುಸ್ತಕ ಹುಡುಕಿ ತೆಗೆದೆ. ಮೂರು ಬೋರುಗಳಿಗೂ ಒಂದೊಂದು ಪುಟ. ಎರಡನೆಯದರ ಕೆಳಗೆ ‘850 ಅಡಿ, ಪುಡಿ ಮಾತ್ರ’ ಎಂದಿದೆ. ಮೂರನೆಯದರಲ್ಲಿ 39 ಗುಡ್ಡೆಗಳ ಬಣ್ಣವನ್ನೂ ಬರೆದಿದ್ದಾರೆ, 620ರ ಎದುರು ‘ಒಂದೂವರೆ ಇಂಚು ನೀರು’. ಇವೆರಡರ ನಡುವೆ ದೂರ 60 ಅಡಿ. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಹೊಲದ ಒಂದು ಚಿತ್ರ: ಎರಡು ಉದ್ದನೆಯ ಗೀಟು, ಒಂದರ ನಡುವಿನಿಂದ ಹೊರಟು ಇನ್ನೊಂದರ ಕಡೆಗೆ ಚುಕ್ಕಿ ಚುಕ್ಕಿಯ ಗೆರೆ. ಅದು ಅರ್ಧ ದಾರಿಗೇ ನಿಂತಿದೆ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ.